ಪಸೆ ಬೇರೆ, ಜಿಡ್ಡು ಬೇರೆ

ಮಾಗಿ ಬಂತು ಎಂಬುದು ನಮ್ಮ ಮನೆಯಲ್ಲಿ ಕ್ಯಾಲೆಂಡರಿನಿಂದ ತಿಳಿಯುವುದಲ್ಲ, ಬಚ್ಚಲುಮನೆ ಗೂಡಿನ ಎಣ್ಣೆ ಬಾಟಲಿಯಿಂದ. ರಾತ್ರಿ ಲೊಳಲೊಳ ಅನ್ನುತ್ತಿದ್ದ ಕೊಬ್ಬರಿ ಎಣ್ಣೆ ಬೆಳಗಾಗುವಷ್ಟರಲ್ಲಿ ಬೆಳ್ಳಗೆ ಗಟ್ಟಿಯಾಗಿ, ಎಷ್ಟು ಕರೆದರೂ ಏಳದ ಹುಡುಗನ ಹಾಗೆ ತಳ ಹಿಡಿದು ಮಲಗಿರುತ್ತದೆ. 24 ಡಿಗ್ರಿಗಿಂತ ಕೆಳಗಿಳಿದರೆ ಅದರ ಸ್ವಭಾವವೇ ಹಾಗೆ. ತಿಪಟೂರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಮೇಲಿರುವ ಬಯಲು. ಡಿಸೆಂಬರ್ ಬೆಳಗಿನಲ್ಲಿ ಇಲ್ಲಿನ ಮನುಷ್ಯರೇ ಹೆಪ್ಪುಗಟ್ಟಿರುತ್ತಾರೆ, ಎಣ್ಣೆಯದೇನು ಮಹಾ. ಬಾಟಲಿಯ ಬಾಯಿ ಕಿರಿದು, ಬೆರಳು ಹೋಗದು. ತೆಂಗಿನ ಕಡ್ಡಿ ಇಳಿಬಿಟ್ಟು ಕೆದಕಬೇಕು, ಇಲ್ಲವೇ ಹಂಡೆ ಒಲೆಯ ಕಟ್ಟೆ ಮೇಲೆ ಹತ್ತು ನಿಮಿಷ ಕೂರಿಸಿ ಚಳಿ ಬಿಡಿಸಬೇಕು. ಒಂದು ವರ್ಷ ನಾನು ಅವಸರಕ್ಕೆ ಬೆಂಕಿಗೆ ತೀರ ಹತ್ತಿರ ಇಟ್ಟದ್ದಕ್ಕೆ ಪ್ಲಾಸ್ಟಿಕ್ ಬಾಟಲಿ ಸೊಂಟ ಬಳುಕಿಸಿ ನಿಂತುಬಿಟ್ಟಿತು. ಎಣ್ಣೆ ಸೋರಲಿಲ್ಲವಾದ್ದರಿಂದ ಅದನ್ನು ಬಿಸಾಡಿಲ್ಲ. ಇವತ್ತಿಗೂ ಅದರಲ್ಲೇ ತುಂಬಿಸಿಡುತ್ತೇವೆ.

ಎಣ್ಣೆ ಹೆಪ್ಪುಗಟ್ಟಿದ ವಾರಕ್ಕೆ ಸರಿಯಾಗಿ ಮೈ ಬಿಳಿಚಿಕೊಳ್ಳುತ್ತದೆ. ಮೊಣಕಾಲ ಕೆಳಗೆ ಉಗುರಿನಿಂದ ಗೀರಿದರೆ ಬಳಪದಲ್ಲಿ ಬರೆದಂತೆ ಗೆರೆ ಮೂಡುತ್ತದೆ. ಚಿಕ್ಕವರಿದ್ದಾಗ ನಾವು ಹಾಗೆ ಬರೆದೂ ಇದ್ದೇವೆ: ಕೂಡುವ ಲೆಕ್ಕ, ಗೆಳೆಯನ ಅಡ್ಡಹೆಸರು, ಒಮ್ಮೆ ಪರೀಕ್ಷೆಗೆ ಬೇಕಾದ ಒಂದು ಇಸವಿ ಕೂಡ. ಆಮೇಲೆ ತುರಿಕೆ. ನಮ್ಮ ಸೀಮೆಯಲ್ಲಿ ತುರಿಗೆ ಬರವಿಲ್ಲ. ಅಡುಗೆಮನೆಯಲ್ಲಿ ಕಾಯಿ ತುರಿ, ಮಾಗಿಯಲ್ಲಿ ಮೈಕೈ ತುರಿಕೆ, ಪಕ್ಕದಲ್ಲಿ ತುರುವೇಕೆರೆ. ಕೊನೆಯದರ ‘ತುರು’ ಹಳಗನ್ನಡದ ದನವೆಂದು ಓದಿದವರು ತಿದ್ದುತ್ತಾರೆ. ಆ ದನ ಈ ಪ್ರಬಂಧಕ್ಕೂ ಬರಲಿದೆ, ಸ್ವಲ್ಪ ತಡೆಯಿರಿ.

ಇಷ್ಟಕ್ಕೂ ಅಮ್ಮನ ಹತ್ತಿರ ಇದ್ದ ಮದ್ದು ಒಂದೇ. ತುಟಿ ಒಡೆಯಿತೇ, ಎಣ್ಣೆ ಹಚ್ಚು. ಹಿಮ್ಮಡಿ ಬಿರಿಯಿತೇ, ಎಣ್ಣೆ ಹಚ್ಚು. ಪರೀಕ್ಷೆಯಲ್ಲಿ ಕಡಿಮೆ ಬಂತೇ, ತಲೆಗೆ ಎಣ್ಣೆ ಇಟ್ಟಿರಲಿಲ್ಲ, ಅದಕ್ಕೇ. ಎಂಬತ್ತು ದಾಟಿದ ಅವಳ ಕೆನ್ನೆ ಈಗಲೂ ಗಲಗಲಿಸದ ಹೊಸ ಕಾಯಿಯಂತಿದೆ ಎಂಬುದೇ ಅವಳ ವಾದದ ದೊಡ್ಡ ಸಾಕ್ಷಿ.

ಮೊನ್ನೆ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಮಗಳು ಬಂದಳು. ಬ್ಯಾಗಿನಿಂದ ನಾಲ್ಕು ಬಾಟಲಿ, ಎರಡು ಟ್ಯೂಬು ತೆಗೆದು ಕನ್ನಡಿ ಮುಂದೆ ಸಾಲಾಗಿ ನಿಲ್ಲಿಸಿದಳು. ಹಯಲುರಾನಿಕ್ ಆಸಿಡ್, ಗ್ಲಿಸರಿನ್, ಸೆರಮೈಡ್, ನಯಾಸಿನಮೈಡ್. ಕೇಳಿದರೆ ರಾಮಾಯಣದ ಯುದ್ಧಕಾಂಡದಲ್ಲಿ ಬಿದ್ದವರ ಪಟ್ಟಿ ಇದ್ದಂತಿತ್ತು. “ಅಪ್ಪಾ, ನಿಮ್ಮದು ಡ್ರೈ ಸ್ಕಿನ್, ಅಮ್ಮಂದು ಕಾಂಬಿನೇಷನ್, ನಂದು ಆಯ್ಲಿ ಬಟ್ ಡೀಹೈಡ್ರೇಟೆಡ್” ಎಂದು ಮನೆಮಂದಿಯನ್ನೆಲ್ಲ ಒಂದೇ ಉಸಿರಿಗೆ ವಿಂಗಡಿಸಿದಳು, ಮಂಡಿಯಲ್ಲಿ ಕೊಬ್ಬರಿ ವಿಂಗಡಿಸುವ ಹಾಗೆ. ಎಣ್ಣೆ ಜಿನುಗುವ ಮುಖಕ್ಕೆ ನೀರಿನ ಬರ ಹೇಗೆ ಬಂದೀತು ಎಂದು ಕೇಳಿದೆ. “ಜಿಡ್ಡು ಬೇರೆ, ನೀರು ಬೇರೆ ಅಪ್ಪಾ” ಎಂದಳು.

ಟ್ಯೂಬುಗಳಲ್ಲೊಂದು ಹಿಮ್ಮಡಿಯ ಕ್ರೀಮು. ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ಜಗಲಿಯಲ್ಲಿ ಕೂತಿದ್ದ ನನ್ನ ಸೋದರಮಾವ ಅದನ್ನು ಎತ್ತಿ, ಕನ್ನಡಕ ಮೇಲೆ ಸರಿಸಿ, ಅಕ್ಷರ ಅಕ್ಷರ ಕೂಡಿಸಿ ಓದಿದರು. “ಯೂ… ರಿ… ಯಾ… ಹತ್ತು ಪರ್ಸೆಂಟು.” ಒಂದು ಗಳಿಗೆ ಸುಮ್ಮನಾದರು. “ಇದುನ್ನ ಕಾಲಿಗ್ ಹಾಕ್ತಾರಾ? ಹಾಕಿದ್ ಮ್ಯಾಲೆ ನೀರ್ ಕಟ್ಟ್‌ಬೇಕೋ ಬ್ಯಾಡ್ವೋ?” ಮಾವನಿಗೆ ಯೂರಿಯಾ ಎಂದರೆ 45 ಕಿಲೋ ಮೂಟೆ, ಮೇಲೆ ‘ಬೇವು ಲೇಪಿತ’ ಎಂಬ ಬರಹ, ಸೊಸೈಟಿ ಮುಂದೆ ಚಪ್ಪಲಿ ಇಟ್ಟು ಹಿಡಿದ ಸರದಿ. ಮೂಟೆಗೆ 266 ರೂಪಾಯಿ ಚಿಲ್ಲರೆ. ಅಂಗೈಯಲ್ಲಿ ಅಡಗುವ ಟ್ಯೂಬಿನ ಬೆಲೆ ಅದಕ್ಕಿಂತ ಹೆಚ್ಚು ಎಂದು ಗೊತ್ತಾದಾಗ ಅವರಿಗೆ ಆದದ್ದು ಆಶ್ಚರ್ಯವಲ್ಲ, ಒಂದು ಬಗೆಯ ವೈರಾಗ್ಯ.

ಆದರೆ ವಿಷಯ ತಮಾಷೆಯದಲ್ಲ. ನಮ್ಮ ಚರ್ಮದ ಹೊರಪದರದಲ್ಲಿ ಯೂರಿಯಾ ತಾನಾಗಿಯೇ ಇದೆ. ಅಮೈನೋ ಆಮ್ಲ, ಲ್ಯಾಕ್ಟೇಟ್ ಇವುಗಳ ಜತೆ ಸೇರಿ ಗಾಳಿಯಿಂದಲೂ ಒಳಗಿನಿಂದಲೂ ನೀರನ್ನು ಎಳೆದು ಹಿಡಿದುಕೊಳ್ಳುವುದು ಅದರ ಕೆಲಸ. ಹತ್ತು ಪರ್ಸೆಂಟಿನ ಆಸುಪಾಸು ಇದ್ದರೆ ಪಸೆ ಹಿಡಿಸುತ್ತದೆ; ಇಪ್ಪತ್ತು ದಾಟಿ ನಲವತ್ತರವರೆಗೆ ಹೋದರೆ ದಡ್ಡುಗಟ್ಟಿದ ಚರ್ಮವನ್ನೇ ಕರಗಿಸಿ ಸಡಿಲಿಸುತ್ತದೆ. ಬಿರಿದ ಹಿಮ್ಮಡಿಗೆ ಅದು ಒಳ್ಳೆಯದು, ಮುಖಕ್ಕೆ ಅಷ್ಟು ಬೇಡ. ಇದನ್ನು ಮಗಳು ವಿವರಿಸಿದಾಗ ಮಾವ, “ಅಂಗಾರೆ ಅತಿ ಆದ್ರೆ ಗಿಡ ಸುಡ್ತದೆ ಅನ್ನು, ನಮ್ಮ್ ಲೆಕ್ಕವೇ” ಎಂದು ಟ್ಯೂಬನ್ನು ಗೌರವದಿಂದ ಕೆಳಗಿಟ್ಟರು.

ಮೇಲೆ ‘ಪಸೆ’ ಎಂದೆನಲ್ಲ, ಆ ಮಾತು ಸಿಕ್ಕಿದ್ದು ತಡವಾಗಿ. ಮಾಯಿಶ್ಚರೈಸರ್‌ಗೆ ಕನ್ನಡ ಹುಡುಕುತ್ತ ‘ಆರ್ದ್ರಕ’ ಎಂದುಕೊಂಡೆ, ಅದು ಹಸಿಶುಂಠಿ. ‘ತೇವಕಾರಿ’ ಎಂದರೆ ಗೋಡೆಗೆ ಬಂದ ರೋಗ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ.ಶ್ರೀ. ಇದ್ದಿದ್ದರೆ ಕೇಳಬಹುದಿತ್ತು. ‘ರಾಷ್ಟ್ರಪತಿ’ ಎಂಬ ಮಾತನ್ನೇ ಸೂಚಿಸಿದವರು ಅವರೆಂದು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ, ಒಂದು ಕ್ರೀಮಿನ ಹೆಸರು ಅವರಿಗೆ ಯಾವ ಲೆಕ್ಕ. ಅವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಅಷ್ಟೊಂದು ಪುಟ ರಸದ ವಿಚಾರ ಬರೆದದ್ದು, ಕಾಯಿಯೊಳಗಿನ ನೀರನ್ನು ಇಂಗಿಸಿ ಕೊಬ್ಬರಿ ಮಾಡುವ ಊರಿನಿಂದ ಹೋದ ಮೇಲೆ ಎಂಬುದು ನನಗೆ ಬಹಳ ದಿನದಿಂದ ಇಷ್ಟವಾದ ಸಂಗತಿ. ಕೊನೆಗೆ ಮಾತು ಕೊಟ್ಟವಳು ಅಮ್ಮ. ನನ್ನ ಕೈ ಹಿಡಿದು ನೋಡಿ, “ಮೈಯಾಗೆ ಪಸೆನೇ ಇಲ್ವಲ್ಲೋ” ಎಂದಳು. ಜಿಡ್ಡಿಲ್ಲ ಎನ್ನಲಿಲ್ಲ. ಅವಳ ನುಡಿಗೆ ಗೊತ್ತಿದ್ದ ಭೇದ ಅವಳ ಎಣ್ಣೆ ಬಾಟಲಿಗೆ ಗೊತ್ತಿರಲಿಲ್ಲ.

ನನ್ನ ಪ್ರಯೋಗದ ಕಥೆ ಹೇಳುತ್ತೇನೆ. ಮಗಳು ಬೆಂಗಳೂರಿಗೆ ಹೊರಡುವಾಗ ಹಯಲುರಾನಿಕ್ ಆಸಿಡ್ ಬಾಟಲಿಯೊಂದನ್ನು ನನಗೇ ಬಿಟ್ಟುಹೋದಳು. ಕಂದು ಗಾಜಿನ ಪುಟ್ಟ ಶೀಶೆ, ರಬ್ಬರ್ ಬುರುಡೆಯ ಡ್ರಾಪರು. ಆಸಿಡ್ ಎಂಬ ಹೆಸರು ನೋಡಿ ಮೊದಲ ಹನಿಯನ್ನು ಮೊಣಕೈ ಮೇಲೆ ಬಿಟ್ಟೆ, ಹೊಗೆಯೇನೂ ಏಳಲಿಲ್ಲ. ಲೋಳೆಸರದ ತಿರುಳಿಗೂ ಅದಕ್ಕೂ ಮುಟ್ಟಿದರೆ ಅಂಥ ವ್ಯತ್ಯಾಸವಿಲ್ಲ. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನೊಳಗಿನ ಲೋಳೆಯಿಂದ. ತುರುವಿನ ಕಣ್ಣಿನಿಂದ ಬಂದದ್ದು ತುರಿಕೆಗೆ ಮದ್ದು! ಈಗ ದನದ ಕಣ್ಣು ಬೇಕಿಲ್ಲ, ಬ್ಯಾಕ್ಟೀರಿಯಾಗಳಿಂದ ಹುಳಿಬರಿಸಿ ತೆಗೆಯುತ್ತಾರೆ.

ಮುಖ ತೊಳೆದು, ಟವೆಲಿನಿಂದ ಗಸಗಸ ಒರೆಸಿ, ನಾಲ್ಕು ಹನಿ ಹಚ್ಚಿ ಬೆಳಗಿನ ವಾಕಿಂಗಿಗೆ ಹೊರಟೆ. ಬಯಲಿನ ಒಣಗಾಳಿ. ರೈಲ್ವೆ ಸ್ಟೇಷನ್ ತಲುಪುವಷ್ಟರಲ್ಲಿ ಮುಖ ಬಿಸಿಲಿಗೆ ಕಾಯಿಸಿದ ತಮಟೆಯಾಗಿತ್ತು. ಎದುರಿಗೆ ಸಿಕ್ಕ ಪರಿಚಯದವರಿಗೆ ನಗಲು ಹೋದರೆ ಕೆನ್ನೆ ಒಪ್ಪಲಿಲ್ಲ. ಅವರು ನನ್ನ ಮನೆಯಲ್ಲಿ ಏನೋ ಆಗಿದೆ ಎಂದುಕೊಂಡು ಮೆಲ್ಲಗೆ “ಯಾವಾಗ ಆಯ್ತು?” ಎಂದರು. ತಿರುಗಿ ಬಂದು ಮಗಳಿಗೆ ಫೋನ್ ಮಾಡಿದೆ. “ಒದ್ದೆ ಮುಖಕ್ಕೆ ಹಚ್ಚಬೇಕು ಅಪ್ಪಾ, ಮೇಲೆ ಕ್ರೀಮ್ ಮುಚ್ಚಬೇಕು. ಅದು ನೀರು ಎಳೆಯೋ ವಸ್ತು. ಗಾಳೀಲಿ ನೀರಿಲ್ಲ ಅಂದ್ರೆ ನಿಮ್ಮೊಳಗಿಂದಲೇ ಎಳ್ಕೊಂಡು ಗಾಳಿಗೆ ಬಿಡುತ್ತೆ.” ಅಂದರೆ ಸಾಲ ಕೊಡಲು ಬಂದವನು ಮನೆಯ ಕಾಸನ್ನೇ ಎತ್ತಿ ಬೀದಿಗೆಸೆದು ಹೋದ ಹಾಗೆ.

ಇದನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದವರು ಯೂರಿಯಾ ಮಾವನೇ, ತಮ್ಮ ತೋಟದಲ್ಲಿ. ಅವತ್ತು ಅಲ್ಲಿ ಕಾಯಿಮಟ್ಟೆ ಹೂಳುವ ಕೆಲಸ ನಡೆದಿತ್ತು. ಮರದ ಬುಡದಿಂದ ಆಚೆ ಪಾತಿ ತೋಡಿ ಸುಲಿದ ಮಟ್ಟೆಗಳನ್ನು ಬೋಗುಣಿಯಂತೆ ಹೊಟ್ಟೆ ಮೇಲಾಗಿ ಜೋಡಿಸುತ್ತಾರೆ, ನಡುವೆ ಮಣ್ಣು, ಮತ್ತೆ ಮಟ್ಟೆ. ಒಳಗಿನ ನಾರೂ ನಾರಿನ ಪುಡಿಯೂ ತಮ್ಮ ತೂಕದ ಹಲವು ಪಟ್ಟು ನೀರು ಕುಡಿದು ಕೂರುತ್ತವೆ. ನೆಲದ ಮೇಲೆ ಬರೀ ಮುಚ್ಚಿಗೆಗೆ ಹಾಕುವ ಮಟ್ಟೆಯನ್ನು ಮಾತ್ರ ಬೋರಲು ಹಾಕಬೇಕು, ಬೆನ್ನು ಆಕಾಶಕ್ಕೆ. ನಾನೂ ಕೈಹಾಕಿ ನಾಲ್ಕು ಮಟ್ಟೆ ಇಟ್ಟೆ, ನಾಲ್ಕೂ ತಲೆಕೆಳಗು. “ಒಳಗಿಡೋದು ನೀರ್ ಹಿಡಿಯಾಕೆ, ಮ್ಯಾಲಿಡೋದು ನೀರ್ ಬಿಡದಂಗೆ. ಎಲ್ಡೂ ಒಂದೇ ಮಟ್ಟೆ, ಕೆಲಸ ಬ್ಯಾರೆ” ಎಂದು ಮಾವ ಅವನ್ನು ಕಾಲಲ್ಲೇ ಮಗುಚಿದರು. ಕೈ ಕೊಡವಿಕೊಂಡು, “ಒಣಮಟ್ಟೆ ಹೂತು ನೀರ್ ಬಿಡದೆ ಹೋದ್ರೆ ಇರೋ ಪಸೇನೂ ಅದೇ ಕುಡೀತದೆ” ಎಂದೂ ಸೇರಿಸಿದರು.

ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ರೈಲ್ವೆ ಸ್ಟೇಷನ್ ಹತ್ತಿರ ನನ್ನ ಕೆನ್ನೆಗೆ ಆದದ್ದು ಇದೇ ತಾನೆ! ಹಯಲುರಾನಿಕ್ಕು, ಗ್ಲಿಸರಿನ್ನು, ಯೂರಿಯಾ, ಲೋಳೆಸರ ಎಲ್ಲ ಹೊಟ್ಟೆ ಮೇಲಾಗಿ ಹೂತ ಮಟ್ಟೆಗಳು. ಕೊಬ್ಬರಿ ಎಣ್ಣೆ, ಬೆಣ್ಣೆ, 1872ರಲ್ಲಿ ಅಮೆರಿಕದ ಚೀಸ್‌ಬ್ರೋ ಪೇಟೆಂಟ್ ಮಾಡಿಸಿದ ವ್ಯಾಸಲೀನು ಇವು ಬೋರಲು ಬಿದ್ದ ಮುಚ್ಚಿಗೆ. ಸೆರಮೈಡ್ ಎಂಬುದು ಬದುವಿಗೆ ಮೆತ್ತುವ ಜೇಡಿ. ಚರ್ಮದ ಹೊರಪದರದ ಕೋಶಗಳ ಸಂದಿಯಲ್ಲಿರುವ ಕೊಬ್ಬಿನಲ್ಲಿ ಹೆಚ್ಚು ಕಡಿಮೆ ಅರ್ಧ ಅದೇ. ವಯಸ್ಸಾದಂತೆ ಅದು ಕಳಚುತ್ತ ಬರುತ್ತದೆ, ಬದು ಒಡೆದ ಹೊಲದಲ್ಲಿ ನೀರು ನಿಲ್ಲುತ್ತದೆಯೇ? ನನ್ನಂಥ ಒಣಮೈಯವರು ಮರಳುಮಿಶ್ರ ಕೆಂಪು ಭೂಮಿ, ಒಳಗೊಂದು ಮಟ್ಟೆ, ಮೇಲೊಂದು ಮುಚ್ಚಿಗೆ, ಬದುವಿಗೆ ಜೇಡಿ, ಮೂರೂ ಬೇಕು. ಮಗಳದು ಎರೆ, ತನ್ನದೇ ಜಿಗಟು ಇದೆ, ಒಣಗಿದರೆ ಬಿರಿಯುತ್ತದೆ ಅಷ್ಟೆ. ಅದಕ್ಕೆ ನೀರು ಹಿಡಿಯುವ ವಸ್ತುವಿನ ತೆಳುವಾದ ಲೇಪ ಸಾಕು, ಮುಚ್ಚಿಗೆ ದಪ್ಪ ಹಾಕಿದರೆ ಒಳಗೆ ಕೊಳೆತು ಮೊಡವೆ ಏಳುತ್ತದೆ. ಹೈಸ್ಕೂಲಿನಲ್ಲಿದ್ದಾಗ ಅವಳ ಮುಖಕ್ಕೆ ಅಜ್ಜಿ ದಿನಾ ಎಣ್ಣೆ ತಿಕ್ಕಿ ಎಬ್ಬಿಸಿದ ಮೊಡವೆಗಳ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಹೆಂಡತಿಯದು ಹಣೆ ಮೂಗು ಗದ್ದ ಎರೆ, ಕೆನ್ನೆ ಕೆಂಪುಭೂಮಿ. ಒಂದೇ ಸರ್ವೆ ನಂಬರಿನಲ್ಲಿ ಎರಡು ಮಣ್ಣು ಇರುವುದು ನಮ್ಮ ಕಡೆ ಹೊಸದೇನಲ್ಲ, ಅವಳು ಎರಡು ಬೆಳೆ ಇಟ್ಟುಕೊಂಡಿದ್ದಾಳೆ.

ಈ ಬಾಟಲಿಗಳಲ್ಲೆಲ್ಲ ನನಗೆ ಅಚ್ಚುಮೆಚ್ಚು ಗ್ಲಿಸರಿನ್. ಅಗ್ಗ, ಆಡಂಬರವಿಲ್ಲ, ಬಹುಪಾಲು ಎಲ್ಲ ಮೈಗೂ ಹೊಂದುತ್ತದೆ. ಚಿಕ್ಕಂದಿನಲ್ಲಿ ಮೆಡಿಕಲ್ ಸ್ಟೋರಿನಿಂದ ತಂದ ಪುಟ್ಟ ಸೀಸೆಯದನ್ನು ತುಟಿಗೆ ಹಚ್ಚಿದ ತಕ್ಷಣ ಚುರ್ರ್ ಅಂದು, ಆಮೇಲೆ ಸಿಹಿ. ನಾವು ನೆಕ್ಕುತ್ತಿದ್ದೆವು, ಅಮ್ಮ ಮತ್ತೆ ಹಚ್ಚುತ್ತಿದ್ದಳು, ತುಟಿ ಮೊದಲಿಗಿಂತ ಹೆಚ್ಚು ಒಡೆಯುತ್ತಿತ್ತು. ನೀರು ಬೆರೆಸದೆ ಹಾಗೇ ಹಚ್ಚಬಾರದೆಂದು ಯಾರಿಗೂ ಹೊಳೆದಿರಲಿಲ್ಲ. ಸ್ವೀಡನ್ನಿನ ಶೀಲೆ ಎಂಬ ಔಷಧ ತಯಾರಕ 1779ರಲ್ಲಿ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡ್ ಜತೆ ಕಾಯಿಸಿ ಇದನ್ನು ಕಂಡ. ಹೆಸರೂ ಗ್ರೀಕಿನ ಸಿಹಿಯಿಂದಲೇ ಬಂದದ್ದು. ಸ್ವಾರಸ್ಯವೆಂದರೆ ಪ್ರತಿ ಅಡುಗೆ ಎಣ್ಣೆಯ ಬೆನ್ನುಮೂಳೆ ಗ್ಲಿಸರಿನ್ನೇ. ಒಂದೊಂದಕ್ಕೆ ಮೂರು ಮೂರು ಕೊಬ್ಬಿನಾಮ್ಲದ ಬಾಲ. ಸೋಪು ಮಾಡುವಾಗ ಬಾಲ ಕಡಿದರೆ ಅದು ಹೊರಬರುತ್ತದೆ. ನಮ್ಮ ಸೊಟ್ಟ ಬಾಟಲಿಯ ಕೊಬ್ಬರಿ ಎಣ್ಣೆಯೊಳಗೂ ನೀರು ಹಿಡಿಯುವ ಆ ಸಿಹಿ ಸೇರಿಕೊಂಡೇ ಇದೆ, ಆದರೆ ಕಟ್ಟಿಹಾಕಿದ ಸ್ಥಿತಿಯಲ್ಲಿ.

ಕೊಬ್ಬರಿ ಎಣ್ಣೆಯನ್ನು ಹೀಗಳೆದೆ ಎಂದು ಕಲ್ಪತರು ನಾಡಿನವರು ನನ್ನನ್ನು ಊರಿನಿಂದ ಹಾಕಬೇಡಿ. 2004ರಲ್ಲಿ ಫಿಲಿಪ್ಪೀನ್ಸಿನ ಇಬ್ಬರು ಸಂಶೋಧಕರು ಒಣಚರ್ಮದ 34 ಜನರಲ್ಲಿ ಕೆಲವರಿಗೆ ಇದನ್ನು, ಉಳಿದವರಿಗೆ ಖನಿಜ ತೈಲವನ್ನು ಎರಡು ವಾರ ಹಚ್ಚಿಸಿ, ಎರಡೂ ಸರಿಸಮ ಎಂದು ಬರೆದಿದ್ದಾರೆ. ಆದರೆ ಗುಟ್ಟೊಂದಿದೆ: ತಿಪಟೂರಿನ ಬಚ್ಚಲಿನ ಎಣ್ಣೆ ತಿಪಟೂರಿನದೇ ಎಂದು ಎದೆ ತಟ್ಟಿ ಹೇಳುವಂತಿಲ್ಲ. ನಮ್ಮ ಹೆಮ್ಮೆ ಉಂಡೆ ಕೊಬ್ಬರಿ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಗಲಗಲ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಒಡಕಿಲ್ಲದ ಉಂಡೆ ತೆಗೆಯಬೇಕು. ಆ ಉಂಡೆಗಳು ಉತ್ತರದವರ ಹಬ್ಬ, ಮದುವೆ, ಡ್ರೈಫ್ರೂಟ್ ತಟ್ಟೆಗೆ ಲಾರಿ ಹತ್ತುತ್ತವೆ. ಗಾಣಕ್ಕೆ ಬೀಳುವುದು ಹೋಳು, ಕೌಟು. ಉಂಡೆಯೆಂದರೆ 2025ರಲ್ಲಿ ಕ್ವಿಂಟಲಿಗೆ 20,000 ದಾಟಿದ ಮಾಲು, ಬೆಂಬಲ ಬೆಲೆ ಇದ್ದದ್ದು 12,100. ಅಂಥದ್ದನ್ನು ಅರೆದು ಕಾಲಿಗೆ ಹಚ್ಚಿಕೊಳ್ಳುವವನು ಜಮೀನ್ದಾರನಾಗಿರಬೇಕು, ಇಲ್ಲ ಹುಚ್ಚನಾಗಿರಬೇಕು.

ಎಣ್ಣೆ ತಲೆಗೋ ಬಾಣಲೆಗೋ ಎಂಬ ಜಗಳವಂತೂ ಸುಪ್ರೀಂ ಕೋರ್ಟು ಹತ್ತಿತ್ತು. ಸಣ್ಣ ಬಾಟಲಿಯಲ್ಲಿದ್ದರೆ ಅದು ಕೇಶತೈಲ, ಹೆಚ್ಚು ತೆರಿಗೆ ಕೊಡಿ ಎಂದು ಇಲಾಖೆ. ಅಲ್ಲ, ತಿನ್ನುವ ಎಣ್ಣೆ ಎಂದು ತಯಾರಕರು. 2018ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಮಾತು ಹೇಳಿದರು. 2024ರ ಡಿಸೆಂಬರಿನಲ್ಲಿ ಮೂವರು ಕೂತು, ಬಾಟಲಿ ಸಣ್ಣದಾದ ಮಾತ್ರಕ್ಕೆ ಅದು ಕೇಶತೈಲವಾಗದು ಎಂದರು. 2025ರ ಸೆಪ್ಟೆಂಬರಿನಿಂದ ಕೇಶತೈಲದ ಜಿಎಸ್‌ಟಿಯೂ 18ರಿಂದ 5ಕ್ಕಿಳಿದು ಜಗಳದ ಸ್ವಾರಸ್ಯವೇ ಹೋಯಿತು. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಒಗ್ಗರಣೆಗೆ ಬಿಟ್ಟ ಕೈಯನ್ನೇ ತಲೆಗೆ ಒರೆಸಿಕೊಂಡು ಬೆಳೆದವಳು, “ಅದಕ್ಯಾಕೆ ಅಷ್ಟು ದೂರ ಹೋದ್ರು” ಎಂದಳು.

ತೆಂಗಿನಕಾಯಿಗೂ ಚರ್ಮರೋಗ ಬರುತ್ತದೆಂಬುದು ನಗರದವರಿಗೆ ತಿಳಿದಿರಲಾರದು. 1998ರ ಆಸುಪಾಸಿನಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ನಮ್ಮ ತೋಟಗಳಿಗೂ ನುಗ್ಗಿತು. ಎಳೆಗಾಯಿಯ ತೊಟ್ಟಿನಡಿ ಸೇರಿ ರಸ ಹೀರಿ, ಹಸಿರು ಸಿಪ್ಪೆಯ ಮೇಲೆ ಕಂದು ಪಟ್ಟಿ, ಬಿರುಕು, ಕಾಯಿ ಸೊಟ್ಟ. ಆಗ ವಿಜ್ಞಾನಿಗಳು ಬರೆದುಕೊಟ್ಟ ಚೀಟಿ: ಬೇವಿನೆಣ್ಣೆ, ಬೆಳ್ಳುಳ್ಳಿ ರಸ, ಸೋಪು, ನೀರಲ್ಲಿ ಕದಡಿ ಗೊನೆಗೆ ಸಿಂಪಡಿಸಿ. ಮಾವ ಮರ ಹತ್ತುವವರನ್ನು ಹಿಡಿದು ಅಷ್ಟೂ ಮರದ ಕಾಯಿಗಳಿಗೆ ಮುಖಕ್ಕೆ ಹಚ್ಚಿದಂತೆ ಹಚ್ಚಿಸಿದರು. ಮನೆಯವರ ತುಟಿಗೆ ಆ ವರ್ಷ ಗ್ಲಿಸರಿನ್ ತರಲು ಮರೆತರಂತೆ. ಅತ್ತೆ ಅದನ್ನು ಮರೆತಿಲ್ಲ.

ಇನ್ನು ಬೋರ್‌ವೆಲ್ ನೀರು. ಹೇಮಾವತಿ ನಾಲೆ ತಲುಪದ ಕಡೆ ನೂರಾರು ಅಡಿ ಕೊರೆದು ಎತ್ತಿದ ಗಡಸು ನೀರು. ಅದರ ಸುಣ್ಣ ಸೋಪಿನೊಂದಿಗೆ ಸೇರಿ ನೊರೆಯ ಬದಲು ಕಸರಾಗಿ ಮೈಗೆ ಅಂಟುತ್ತದೆ, ಮೈ ಚರಚರ ಅನ್ನುತ್ತದೆ. ಕೊಬ್ಬರಿ ಎಣ್ಣೆಯ ಸೋಪಾದರೆ ಉಪ್ಪುನೀರಿನಲ್ಲೂ ನೊರೆ ಕೊಡುತ್ತದೆ, ಹಡಗಿನವರು ಅದನ್ನೇ ಬಳಸುತ್ತಿದ್ದರು. ಕ್ರೀಮಿಗೆ ಸಾವಿರ ಸುರಿಯುವ ಮೊದಲು ಬಿಸಿನೀರಿನ ಬಿಸಿ ಸ್ವಲ್ಪ ಇಳಿಸಿ, ಸೋಪನ್ನು ಕಂಕುಳು ಕಾಲಿಗಷ್ಟೇ ಮೀಸಲಿಟ್ಟರೂ ಸಾಕಷ್ಟು ಕೆಲಸ ಆಗುತ್ತದೆಂದು ನನ್ನ ಅನುಭವ. ಕುದಿವ ಹಂಡೆ ನೀರು ಬಿಡಲು ಮಾತ್ರ ನನ್ನಿಂದ ಆಗಿಲ್ಲ.

ಜನವರಿಯಲ್ಲಿ ತುರುವೇಕೆರೆಗೆ ಒಂದು ಮದುವೆಗೆ ಹೋದಾಗ ಗಂಗಾಧರೇಶ್ವರ ದೇವಸ್ಥಾನಕ್ಕೆ ಹೋದೆವು. ಅಲ್ಲಿನ ಕರಿಕಲ್ಲಿನ ದೊಡ್ಡ ನಂದಿ ಕನ್ನಡಿಯಷ್ಟು ನುಣುಪು. ಇಷ್ಟು ಮಾಗಿಗಳ ಗಾಳಿ ಕುಡಿದೂ ಒಂದು ಬಿಳಿ ಗೀರಿಲ್ಲ. ಅಮ್ಮ ಕೈಮುಗಿದು, ಅದರ ಭುಜ ಸವರಿ, ನನ್ನ ಕಡೆ ಒಮ್ಮೆ ನೋಡಿದಳು. ಏನೂ ಹೇಳಲಿಲ್ಲ. ಎಣ್ಣೆಯ ಪರವಾಗಿ ಅಷ್ಟು ದೊಡ್ಡ ಸಾಕ್ಷಿ ಸಿಕ್ಕಮೇಲೆ ಹೇಳುವುದೇನಿದೆ.

ಅವಳ ಸ್ನಾನದ ಕ್ರಮವನ್ನು ಆ ಮೇಲೆ ಗಮನಿಸಿದೆ. ಬಚ್ಚಲಿನಿಂದ ಬಂದವಳು ಸರಿಯಾಗಿ ಒರೆಸಿಕೊಳ್ಳುವುದೇ ಇಲ್ಲ. ಹನಿ ತೊಟ್ಟಿಕ್ಕುವ ಕೈಗೆ, ಕೆನ್ನೆಗೆ, ಅಂಗೈಯಲ್ಲಿ ಕಾಸಿನಗಲ ಎಣ್ಣೆ ತೀಡಿ ಸವರಿಕೊಳ್ಳುತ್ತಾಳೆ. ಒಳಗೆ ನೀರು, ಮೇಲೆ ಮುಚ್ಚಿಗೆ. ನಮಗೆ ಮಾತ್ರ ಅರ್ಧ ಪಾಠ ಹೇಳಿಕೊಟ್ಟಿದ್ದಳು. “ಒರೆಸ್ಕೋಬಾರ್ದು ಅಂತ ಯಾಕೆ ಹೇಳಲಿಲ್ಲ?” ಎಂದು ಕೇಳಿದರೆ, “ಆಗ ಮನೇಲಿದ್ದದ್ದು ಒಂದೇ ಟವಲ್ಲು. ಅದು ನಿಮ್ಮಪ್ಪನ ಹತ್ರ ಇರೋದು” ಎಂದಳು.

ಹಯಲುರಾನಿಕ್ ಶೀಶೆ ಫೆಬ್ರವರಿಗೆ ಖಾಲಿಯಾಯಿತು. ಕಡೆಗೆ ಒದ್ದೆ ಮುಖಕ್ಕೇ ಹಚ್ಚಿದ್ದೇನೆ, ಮೇಲೆ ಎಣ್ಣೆಯ ಬದಲು ಸೆರಮೈಡ್ ಕ್ರೀಮು, ಮುಖ ತಮಟೆಯಾಗಲಿಲ್ಲ. ಡ್ರಾಪರ್ ಚೆನ್ನಾಗಿದೆ ಎಂದು ಹೆಂಡತಿ ಅದನ್ನು ತೊಳೆದು ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡಲು ಇಟ್ಟುಕೊಂಡಳು. ಮೊನ್ನೆ ಮಷಿನ್ ಎಣ್ಣೆ ಮುಗಿದಿತ್ತು. ಅಮ್ಮ ಸೊಟ್ಟ ಬಾಟಲಿಯಿಂದ ಶೀಶೆ ತುಂಬಿ, ಎಲ್ಲ ತೂತಿಗೂ ಎರಡೆರಡು ಹನಿ ಧಾರಾಳವಾಗಿ ಬಿಟ್ಟಿದ್ದಾಳೆ. ರಾತ್ರಿ ಚಳಿ ಬಿತ್ತು. ಬೆಳಿಗ್ಗೆ ಚಕ್ರ ಅಲುಗಲಿಲ್ಲ. ನಾನೂ ಹೆಂಡತಿಯೂ ಎತ್ತಿಕೊಂಡು ಹೋಗಿ ಅಂಗಳದ ಬಿಸಿಲಿಗಿಟ್ಟಿದ್ದೇವೆ, ಹತ್ತು ಗಂಟೆಯ ಮೇಲೆ ಬಿಟ್ಟುಕೊಳ್ಳಬಹುದು.